ಕೀಲೆಣ್ಣೆಯ ಲೆಕ್ಕ

ಎತ್ತಿನ ಗಾಡಿಯ ಕಾಲದಲ್ಲಿ ಎಣ್ಣೆ ಎಲ್ಲಿ ಹೋಯಿತು ಅಂತ ಯಾರೂ ಯಾರ ಜೊತೆಗೂ ಜಗಳಕ್ಕೆ ನಿಂತವರಲ್ಲ. ನಮ್ಮ ಬೂಕನಕೆರೆ ಕಡೆ ರಾಗಿ ಹೊಲದ ಬದುವಿನಲ್ಲಿ ಹರಳು ಗಿಡ ಇದ್ದೇ ಇರುತ್ತಿದ್ದವು. ಅಜ್ಜಿ ಬೀಜ ಹುರಿದು, ಕುಟ್ಟಿ, ನೀರಿನಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಬಳಿದು ತೆಗೆಯುತ್ತಿದ್ದಳು. ಮಕ್ಕಳ ನೆತ್ತಿಗೆ ಅಷ್ಟು, ಹೊಟ್ಟೆಗೆ ಇಷ್ಟು, ಉಳಿದದ್ದು ಗಾಡಿಗೆ. ಗಾಡಿಯ ಪಾಲಿಗೆ ತಾತ ಹುಲ್ಲು ಸುಟ್ಟ ಕರಿ ಕಲಸಿ, ಬಿದಿರಿನ ಗೊಟ್ಟಕ್ಕೆ ತುಂಬಿ, ಗಾಡಿಯ ಕೆಳಗೆ ನೇತುಹಾಕುತ್ತಿದ್ದ. ಅದೇ ಕೀಲೆಣ್ಣೆ. ಚಕ್ರ ಕಿರುಗುಟ್ಟಿತೋ, ಕೀಲು ಕಿತ್ತು, ಚಕ್ರ ಸರಿಸಿ, ಅಚ್ಚಿಗೆ ಬಳಿದರಾಯಿತು. ಬಳಿದದ್ದು ಸೋರಿ ದಾರಿಯ ಮಣ್ಣಿಗೆ ಸೇರುತ್ತದೆ ಅನ್ನುವುದು ಎತ್ತಿಗೂ ಗೊತ್ತಿತ್ತು.

ಇದೇ ಹರಳೆಣ್ಣೆ ಆಕಾಶಕ್ಕೂ ಏರಿತ್ತು. 1914ರ ಮಹಾಯುದ್ಧದಲ್ಲಿ ಹಾರಿದ ಎಷ್ಟೋ ವಿಮಾನಗಳಿಗೆ ಎಂಜಿನ್ನೇ ಪ್ರೊಪೆಲ್ಲರ್ ಜೊತೆ ಗಿರಗಿರ ತಿರುಗುತ್ತಿತ್ತು. ಅದರೊಳಗೆ ಪೆಟ್ರೋಲೂ ಎಣ್ಣೆಯೂ ಒಟ್ಟಿಗೇ ಹಾಯುತ್ತಿದ್ದವು; ಹರಳೆಣ್ಣೆ ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲವಾದ್ದರಿಂದ ಅದನ್ನೇ ಆರಿಸಿಕೊಂಡಿದ್ದರು. ಒಂದು ಸಲ ಒಳಗೆ ಹೋದ ಎಣ್ಣೆ ಮತ್ತೆ ತೊಟ್ಟಿಗೆ ವಾಪಸು ಬರುವ ಮಾತಿಲ್ಲ. ಹೊಗೆಯ ಜೊತೆ ಹೊರಗೆ ಬಂದು ಪೈಲಟ್ಟಿನ ಮುಖಕ್ಕೆ ರಾಚುತ್ತಿತ್ತು. ಆ ತುಂತುರನ್ನು ಉಸಿರಾಡಿ, ನುಂಗಿ ಅವರ ಹೊಟ್ಟೆ ಏನಾಗುತ್ತಿತ್ತು ಅನ್ನುವುದನ್ನು ಅಜ್ಜಿಯ ಕೈಯಲ್ಲಿ ಹರಳೆಣ್ಣೆ ಕುಡಿದ ಮೊಮ್ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ತಂದ ಕ್ಯಾಸ್ಟ್ರಾಲ್‌ನಲ್ಲಿ ಇದ್ದದ್ದೂ ಈ ಎಣ್ಣೆಯ ಬೆರಕೆಯೇ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ನಮ್ಮ ಸೀಮೆಯ ಗಂಡಸರು ಎಣ್ಣೆ ಸುಟ್ಟುಕೊಂಡೇ ತಿರುಗಿದರು. ನಾನು ಊರಿನ ಹಾಲಿನ ಡೇರಿಗೆ ಸೆಕ್ರೆಟರಿಯಾಗಿದ್ದಾಗ ನನ್ನದೂ ಅಲ್ಲಿಯದೇ ಒಂದು ಯೆಜ್ಡಿ. ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಿಸಬೇಕು. ಅದು ಉರಿದು ಹೋಗಲೆಂದೇ ಹಾಕುವುದು.

ಈಗಿನ ಕಾರಿನ ಕತೆ ಬೇರೆ. ನಾಲ್ಕು ಲೀಟರ್ ಆಸುಪಾಸು ಎಣ್ಣೆ ತುಂಬಿ, ಮುಚ್ಚಳ ತಿರುಗಿಸಿಬಿಟ್ಟರೆ ಅದು ಒಳಗೇ ಸುತ್ತುತ್ತಿರಬೇಕು. ಸರ್ವಿಸ್ 10,000 ಕಿ.ಮೀ.ಗೆ. ನನ್ನ ಕಾರಿನಲ್ಲಿ ಅಷ್ಟರೊಳಗೇ ಎಣ್ಣೆಯ ಮಟ್ಟ ನೋಡುವ ಕಡ್ಡಿಯ ತುದಿ ಒಣಗತೊಡಗಿತು. ಕೆಳಗೆ ಒಂದು ತೊಟ್ಟು ಸೋರಿಕೆ ಇಲ್ಲ, ಹಿಂದೆ ಹೊಗೆಯಿಲ್ಲ. ಕೆ.ಆರ್. ಪೇಟೆಯ ಗ್ಯಾರೇಜಿನ ಹುಡುಗ ಕಡ್ಡಿ ಒರೆಸಿ, ಇಳಿಬಿಟ್ಟು, ಎತ್ತಿ ನೋಡಿ ನಕ್ಕ: "ಕುಡೀತದೆ ಕಣಣ್ಣೋ. ಗುಟ್ಟಾಗಿ ಕುಡೀತದೆ, ಬಾಯಿ ವಾಸ್ನೆ ಬರ್ದಂಗೆ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸಾಮಾನ್ಯವಾಗಿ ಪಿಸ್ಟನ್ನಿಗೆ ಮೂರು ರಿಂಗು. ಮೇಲಿನೆರಡು ಒತ್ತಡ ತಡೆಯುತ್ತವೆ, ಮೂರನೆಯದು ಗೋಡೆಗೆ ಹತ್ತಿದ ಎಣ್ಣೆಯನ್ನು ಕೆರೆದು ಕೆಳಗಿಳಿಸುತ್ತದೆ. ಮೈಲೇಜು ಬರಲಿ ಅಂತ ಈಚೆಗೆ ರಿಂಗುಗಳ ಬಿಗಿ ಕಡಿಮೆ ಮಾಡಿದ್ದಾರೆ, ಎಣ್ಣೆಯನ್ನೂ ತೆಳ್ಳಗೆ ಮಾಡಿದ್ದಾರೆ. ಮೂರನೇ ರಿಂಗಿನ ತೂತುಗಳಿಗೆ ಮಸಿ ಕಟ್ಟಿದರೆ ಎಣ್ಣೆ ಮೇಲೇ ಉಳಿದು ಉರಿಯುತ್ತದೆ. ಬರುವ ನೀಲಿ ಹೊಗೆಯನ್ನೂ ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಬಹುಮಟ್ಟಿಗೆ ಸುಟ್ಟು ಮುಚ್ಚಿಹಾಕುತ್ತದೆ. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಿ ಕೂರುವ ಹಾಗೂ ಇಲ್ಲ. ಹೆಚ್ಚಿನ ಕಾರುಗಳಲ್ಲಿ ಅದು ತೋರಿಸುವುದು ಎಣ್ಣೆಯ ಒತ್ತಡವನ್ನು, ಮಟ್ಟವನ್ನಲ್ಲ. ಅದು ಹೊತ್ತುವ ಹೊತ್ತಿಗೆ ಎಂಜಿನ್ನಿನ ಆಯಸ್ಸು ಅರ್ಧ ಮುಗಿದಿರುತ್ತದೆ.

ಚಿನಕುರಳಿ, ಪಾಂಡವಪುರ ದಾಟಿ ಮೈಸೂರಿನ ಷೋರೂಮಿಗೆ ಹೋದೆ. ಸರ್ವಿಸ್ ಅಡ್ವೈಸರ್ ಊರು ಕೇಳಿದ. ಹೇಳಿದೆ. "ಓ, ಯಡಿಯೂರಪ್ಪನವರ ಊರು!" ಅಂದ. ಆ ಹೆಸರಿನ ಮುಂದಿನ 'ಬಿ' ನಮ್ಮೂರೇ ಆದ್ದರಿಂದ ಈ ಮಾತು ನಮಗೆ ಎಲ್ಲಿ ಹೋದರೂ ತಪ್ಪಿದ್ದಲ್ಲ. ಕಾಫಿ ಬಂತು. ಎಣ್ಣೆಯ ವಿಷಯ ತೆಗೆದಾಗ ಮಾತ್ರ, "ಅದು ನಾರ್ಮಲ್ ಸಾರ್, ಟಾಪ್‌ಅಪ್ ಮಾಡಿಕೊಡ್ತೀವಿ" ಅಂದ. ಮಾಡಿದರು. ಮುಂದಿನ ಸಲವೂ ಅದೇ. ಎಷ್ಟು ಹಾಕಿದಿರಿ ಅಂದರೆ "ಸ್ವಲ್ಪ." ಜಾಬ್ ಕಾರ್ಡಿನಲ್ಲಿ ಬರೆದದ್ದು 'ಜನರಲ್ ಚೆಕಪ್'.

ಡೇರಿಯಲ್ಲಿ ವರ್ಷಗಟ್ಟಲೆ ಬೆಳಿಗ್ಗೆ ಸಂಜೆ ಹಾಲು ಅಳೆದವನಿಗೆ 'ಸ್ವಲ್ಪ' ಅನ್ನುವುದು ಅಳತೆಯಲ್ಲ. ನಮ್ಮಲ್ಲಿ ಫ್ಯಾಟ್ ಒಂದು ಪಾಯಿಂಟು ಕಡಿಮೆ ಬಂದರೆ ಕ್ಯಾನ್ ಹಿಡಿದ ಹೆಂಗಸು ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳುತ್ತಿದ್ದಳು, ಅವಳ ಎದುರಿಗೇ ಇನ್ನೊಂದು ಸಲ ನೋಡಬೇಕಿತ್ತು. ನೊರೆ ಇಳಿಯದೆ ಲೀಟರಿಗೆ ಸುರಿಯುವ ಹಾಗಿರಲಿಲ್ಲ. ಇಲ್ಲಿ ನೋಡಿದರೆ, ಹಾಕಿದ ಪ್ರತಿ 'ಸ್ವಲ್ಪ'ವೂ ನನ್ನ ಸಾಕ್ಷಿಯನ್ನೇ ಅಳಿಸಿಹಾಕುತ್ತಿತ್ತು.

ಬೆಂಗಳೂರಿನಲ್ಲಿರುವ ಅಳಿಯ ದಾರಿ ಹೇಳಿಕೊಟ್ಟ. ಅಮೆರಿಕದಲ್ಲಿ ಟೊಯೊಟಾ ತನ್ನ ಒಂದು ಬಗೆಯ ಎಂಜಿನ್ನಿಗೆ 1,200 ಮೈಲಿ ಓಡಿಸಿ ಅಳೆಯುವ ಪರೀಕ್ಷೆ ಇಟ್ಟು, ಒಂದು ಕ್ವಾರ್ಟ್, ಅಂದರೆ ಲೀಟರಿಗೆ ತುಸು ಕಡಿಮೆ, ಮೀರಿ ಕುಡಿದದ್ದಕ್ಕೆ ಪಿಸ್ಟನ್ನು ರಿಂಗು ಬದಲಿಸಿಕೊಟ್ಟಿತ್ತಂತೆ. ಸುಬಾರು ಕಂಪನಿ ಗಿರಾಕಿಗಳ ದಾವೆಗೆ ರಾಜಿಯಾಗಿ 2016ರಲ್ಲಿ ವಾರಂಟಿಯನ್ನು ಎಂಟು ವರ್ಷಕ್ಕೆ ಏರಿಸಿತಂತೆ. ಅಷ್ಟು ದೊಡ್ಡ ಕಂಪನಿಗಳೇ ಅಳೆದು ಒಪ್ಪಿಕೊಂಡಿವೆ ಅಂದಮೇಲೆ ನಾನು ಕೇಳುವುದರಲ್ಲಿ ತಪ್ಪೇನು?

ನಾನು ಕೇಳಿದ್ದು ಇಷ್ಟೇ: ದೂರನ್ನು ಜಾಬ್ ಕಾರ್ಡಿನಲ್ಲಿ ದೂರು ಅಂತಲೇ ಬರೆಯಿರಿ. ಹಳೆ ಎಣ್ಣೆ ಪೂರ್ತಿ ಇಳಿಸಿ, ಹೊಸದನ್ನು ತೂಗಿ ತುಂಬಿ. ಕೆಳಗಿನ ಬೋಲ್ಟಿಗೂ ಮೇಲಿನ ಮುಚ್ಚಳಕ್ಕೂ ಕಡ್ಡಿಗೂ ಸೀಲ್ ಹಾಕಿ. ಸಾವಿರ ಕಿ.ಮೀ. ಆದಮೇಲೆ ಇಲ್ಲೇ, ಇದೇ ನೆಲದ ಮೇಲೆ, ಎಂಜಿನ್ ಇಷ್ಟೇ ಬಿಸಿಯಿರುವಾಗ ಇಳಿಸಿ ಮತ್ತೆ ತೂಗಿ.

ಮ್ಯಾನೇಜರ್ ಮ್ಯಾನುಯಲ್ ತೆಗೆದು ತೋರಿಸಿದರು. ಸಾವಿರ ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಹೋಗಬಹುದು ಅಂತ ಅಚ್ಚಾಗಿತ್ತು. ಕೆಲವು ಜರ್ಮನ್ ಕಾರುಗಳಿಗೆ ಅದಕ್ಕೂ ಧಾರಾಳವಾಗಿ ಬರೆದಿರುತ್ತಾರೆ. ಅಲ್ಲೇ ಲೆಕ್ಕ ಹಾಕಿದೆ: ಆ ಪ್ರಕಾರ 8,000 ಕಿ.ಮೀ.ಗೆ ನಾಲ್ಕು ಲೀಟರೂ ಖಾಲಿ, ಸರ್ವಿಸ್ಸಿಗೆ ಇನ್ನೂ 2,000 ಬಾಕಿ. ಮ್ಯಾನೇಜರ್ ಸುಮ್ಮನೆ ಪುಟ ಮುಚ್ಚಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯಲ್ಲೇ, ಅಂದರೆ ಮಂಡ್ಯದಲ್ಲೇ, ದೂರು ಕೊಡಬಹುದು ಅನ್ನುವುದನ್ನೂ ಮೆಲ್ಲಗೆ ಕಿವಿಗೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ತಕ್ಕಡಿ ಬಂತು.

ತೂಗಿದ ಹುಡುಗ ಒಳ್ಳೆಯ ಕೆಲಸಗಾರ. ಖಾಲಿ ಕ್ಯಾನಿನ ತೂಕವನ್ನು ಮೊದಲೇ ಕಳೆದ. ಎಣ್ಣೆ ಲೀಟರಿಗೆ ಒಂದು ಕಿಲೋ ತೂಗುವುದಿಲ್ಲ, 850 ಗ್ರಾಮಿನ ಸುತ್ತ ಅಂತ ತಾನಾಗೇ ಹೇಳಿದ. ಬೋಲ್ಟಿನ ತಲೆಯಿಂದ ಸಂಪಿನವರೆಗೆ ಹಳದಿ ಪೇಂಟಿನ ಗೆರೆ ಎಳೆದು, ಒಣಗಲಿ ಅಂತ ಊದಿದ. ನಾನು ಫೋಟೋ ತೆಗೆದುಕೊಂಡೆ, ಅವನೂ ತೆಗೆದುಕೊಂಡ.

ಸಾವಿರ ಕಿ.ಮೀ. ಮುಗಿಸಿ ಹೋದಾಗ ಗೆರೆ ಹಾಗೇ ಇತ್ತು. ತೂಕದಲ್ಲಿ ಮುಕ್ಕಾಲು ಲೀಟರಿನಷ್ಟು ಕಮ್ಮಿ. 'ನಾರ್ಮಲ್' ಅನ್ನುವ ಮಾತು ಆ ಕಟ್ಟಡದಲ್ಲಿ ಮತ್ತೆ ನನ್ನ ಕಿವಿಗೆ ಬೀಳಲಿಲ್ಲ. ಕಂಪನಿಗೆ ಮೇಲ್ ಹೋಯಿತು, ಒಂದಷ್ಟು ಎಳೆದಾಟವಾಯಿತು, ಕಡೆಗೆ ವಾರಂಟಿಯಲ್ಲೇ ರಿಂಗು ಬದಲಾದವು. ಮತ್ತೆ ತೂಗಿ ತುಂಬಿ, ಮತ್ತೆ ಹಳದಿ ಗೆರೆ ಎಳೆಸಿಕೊಂಡೇ ಊರಿಗೆ ಬಂದೆ.

ಮರುದಿನ ಅಡ್ವೈಸರ್ ಫೋನು ಮಾಡಿದ. "ಸಾರ್, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರ್ತದೆ. ದಯವಿಟ್ಟು ಹತ್ತಕ್ಕೆ ಹತ್ತು ಕೊಟ್ಬಿಡಿ."

"ಇನ್ನೊಂದು ಸಾವಿರ ಓಡ್ಲಿ ಕಣಪ್ಪ," ಅಂದೆ, "ತೂಗಿ ಕೊಡ್ತೀನಿ."