ಮೊದಲ ಕೆಲಸದ ಆಯ್ಕೆ

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಒಕ್ಕಲಿಗ ಕಾಪ್ಪಿಲಿಯರ್ ಕುಟುಂಬಗಳದು ಕನ್ನಡ ಮನೆಮಾತು, ಬೇಸಾಯದ ಬದುಕು. ಅಂಥ ಮನೆಯಲ್ಲಿ ಪದವಿ ಮುಗಿಸಿದವರಿಗೆ ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರ, ದಿಂಡಿಗಲ್ ಸುತ್ತಲಿನ ನೂಲಿನ ಗಿರಣಿ, ಬೆಂಗಳೂರಿನ ಕಂಪನಿ, ಮೂರೂ ಕಡೆಯಿಂದ ಕರೆ ಬರಬಹುದು. ಆಗ ಹಿರಿಯರು ಮೊದಲು ಕೇಳುವುದು ಯಾವ ಉದ್ಯಮಕ್ಕೆ ಭವಿಷ್ಯವಿದೆ ಎಂದು. ಆದರೆ ಉದ್ಯಮದ ಭವಿಷ್ಯವನ್ನು ನಂಬಿ ಹೆಜ್ಜೆ ಇಡುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಪಕ್ಕದ ಕೇರಳದ ಇಡುಕ್ಕಿಯ ಹರಾಜಿನಲ್ಲಿ ಏಲಕ್ಕಿಯ ಗರಿಷ್ಠ ಬೆಲೆ ಕಿಲೋಗೆ 7,000 ರೂಪಾಯಿ ಮುಟ್ಟಿತ್ತು. 2022ರಲ್ಲಿ ಸರಾಸರಿ ಬೆಲೆ ಸಾವಿರದ ಕೆಳಗೆ ಬಿತ್ತು. ದಿಂಡಿಗಲ್ ಬೀಗಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿದ್ದು 2019ರಲ್ಲಿ. ಅಷ್ಟರಲ್ಲಿ ಅಲಿಗಢದ ಅಗ್ಗದ ಬೀಗದೆದುರು ಆ ಕಸುಬು ಸೊರಗಿಹೋಗಿತ್ತು. ಹಾಗಾಗಿ ಮೂರು ವರ್ಷ ದುಡಿದ ಮೇಲೆ ಯಾವ ತಿಳಿವಳಿಕೆ ನನ್ನದಾಗಿರುತ್ತದೆ, ಅದು ಬೇರೆ ಊರಿನಲ್ಲೂ ನಡೆಯುತ್ತದೆಯೇ ಎಂದು ಕೇಳುವುದೇ ಸರಿ. ಕಾಯಿಯ ಬಣ್ಣ, ಗಾತ್ರ, ಒಣಗಿದ ಹದ ನೋಡಿ ಬೆಲೆ ಅಂದಾಜಿಸಲು ಕಲಿತವರಿಗೆ ಸಕಲೇಶಪುರದ ಏಲಕ್ಕಿ, ಕೊಡಗಿನ ಮೆಣಸು ಹೊಸತೆನಿಸದು. ನೂಲು ಏಕೆ ಕಡಿಯುತ್ತಿದೆ ಎಂದು ಹತ್ತಿಯಿಂದ ಯಂತ್ರದವರೆಗೆ ಹುಡುಕಬಲ್ಲವರು ಯಾವ ಕಾರ್ಖಾನೆಯಲ್ಲೂ ಬೇಕಾದವರು. ಬರೆದುಕೊಟ್ಟ ಉತ್ತರವನ್ನಷ್ಟೇ ದಿನವಿಡೀ ಫೋನಿನಲ್ಲಿ ಓದಿ ಹೇಳುವ ಕೆಲಸ ಬೆಂಗಳೂರಿನಲ್ಲಿದ್ದರೂ ಇಷ್ಟು ಕಲಿಸದು.

ಓದಿನ ಸಾಲದ ಕಂತು ಕಲಿಕೆಗೆ ಕಾಯುವುದಿಲ್ಲ ಎನ್ನುವವರ ಮಾತು ಸುಳ್ಳಲ್ಲ. ತಂಗಿಯ ಫೀಸು ಇವರ ಸಂಬಳದ ಮೇಲೇ ನಿಂತಿದ್ದರೆ ಸಂಬಳಕ್ಕೇ ಮೊದಲ ಮಣೆ, ಅದರಲ್ಲಿ ಸಂಕೋಚವೇನೂ ಬೇಡ. ಆದರೂ ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಊರಿಗೆ ಬಂದುಹೋಗುವ ಖರ್ಚು ಕಳೆದು ಉಳಿಯುವ ಮೊತ್ತವನ್ನೇ ತೇನಿಯ ಸಂಬಳದ ಜೊತೆ ಹೋಲಿಸಬೇಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಹೆಣ್ಣುಮಕ್ಕಳದು: ಅಂಜಿಕೊಂಡು ದುಡಿಯುವ ಕಡೆ ಏನು ಕಲಿಯಲಾದೀತು? ದಿಂಡಿಗಲ್ ಜಿಲ್ಲೆಯ ಉಡುಪು ಕಾರ್ಖಾನೆಯೊಂದರ ಯುವತಿ 2021ರಲ್ಲಿ ಕೊಲೆಯಾದ ಮೇಲೆ, ಮಹಿಳೆಯರೇ ಮುನ್ನಡೆಸುವ ಕಾರ್ಮಿಕ ಸಂಘ ಹೋರಾಡಿ 2022ರಲ್ಲಿ ‘ದಿಂಡಿಗಲ್ ಒಪ್ಪಂದ’ವನ್ನು ಸಾಧಿಸಿತು. ಕಿರುಕುಳದ ದೂರು ಕೇಳುವ ವ್ಯವಸ್ಥೆ ಅದರಿಂದ ಕಟ್ಟುನಿಟ್ಟಾಯಿತು. ವಿದೇಶಿ ಬಟ್ಟೆ ಕಂಪನಿಗಳೂ ಅದಕ್ಕೆ ಬದ್ಧವಾದವು. ಒಂದೇ ಉದ್ಯಮದಲ್ಲಿ ಬಾಯಿ ಮುಚ್ಚಿಸುವ ಜಾಗವೂ ಇದೆ, ಬಾಯಿ ಬಿಡಲು ಧೈರ್ಯ ಕೊಡುವ ಜಾಗವೂ ಇದೆ ಎಂದಾಯಿತು. ಸಂಘವಿದೆಯೇ, ಹಾಸ್ಟೆಲಿನಿಂದ ರಜೆಯ ದಿನ ಹೊರಗೆ ಬಿಡುತ್ತಾರೆಯೇ, ಹಿಂದೆ ಕೆಲಸ ಬಿಟ್ಟವರು ಈಗ ಎಲ್ಲಿದ್ದಾರೆ ಎಂಬುದನ್ನು ಸಹಿ ಹಾಕುವ ಮೊದಲು ಅಲ್ಲೇ ದುಡಿಯುತ್ತಿರುವ ಅಕ್ಕಂದಿರನ್ನು ಕೇಳಿ ತಿಳಿದುಕೊಳ್ಳಬಹುದು. ನೇಮಕಾತಿ ಪತ್ರದಲ್ಲಿ ಅದ್ಯಾವುದೂ ಇರುವುದಿಲ್ಲ.