ಫಲಕಗಳಿಲ್ಲದ ಸಸ್ಯೋದ್ಯಾನ

ದೆಹಲಿಯ ಜನವರಿಯೆಂದರೆ ಮಧ್ಯಾಹ್ನವಾದರೂ ಕರಗದ ಮಂಜು. ಆ ಚಳಿಗೆ ಹೆದರಿ ನಾನು ವರ್ಷಕ್ಕೊಮ್ಮೆ ಹುಟ್ಟೂರಾದ ಸುಲೇಪೇಟಕ್ಕೆ ಓಡಿಬರುತ್ತೇನೆ. ತೊಗರಿಯ ರಾಶಿಯ ಕಾಲವದು. ಬೆನ್ನಿಗೆ ತಾಗುವ ಎಳೆಬಿಸಿಲೇ ಒಂದು ಸುಖ.

ಈ ಸಲ ಊರಿಗೆ ಬರುವ ಮುನ್ನ ಕೆಲಸದ ನಿಮಿತ್ತ ಬೆಂಗಳೂರಿಗೆ ಹೋಗಿ ಲಾಲ್‌ಬಾಗನ್ನು ನೋಡಿದ್ದೆ. 1760ರಲ್ಲಿ ಹೈದರಾಲಿಯು ಆರಂಭಿಸಿದ ಆ ಸಸ್ಯೋದ್ಯಾನ ಇಂದು 240 ಎಕರೆಗಳಲ್ಲಿ ಹರಡಿದೆ. ಅಲ್ಲಿನ ಮರಗಳಿಗೆ ಹೆಸರಿನ ಫಲಕಗಳಿವೆ. ಅದನ್ನೆಲ್ಲ ಅವ್ವನಿಗೆ ವರ್ಣಿಸಿದೆ.

“ನಮ್ಮ ಚಿಂಚೋಳಿ ಅಡವಿ ನೋಡೀಯೇನು?” ಎಂದಳು.

ನೋಡಿರಲಿಲ್ಲ. ನಾಚಿಕೆಯಿಂದ ಮರುದಿನವೇ ಆಕೆಯನ್ನು ಕರೆದುಕೊಂಡು ಹೊರಟೆ.

2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಾಡು ಅದು. ಮರಗಳಿಗೆ ಫಲಕಗಳಿಲ್ಲ, ನನಗೋ ಬೇವಿನ ಹೊರತು ಬೇರೊಂದರ ಗುರುತಿಲ್ಲ. ಅವ್ವನ ಕಣ್ಣು ಈಗ ಮಸುಕು. ಆದರೂ ಮೂರೆಲೆಗಳ ಗೊಂಚಲೊಂದನ್ನು ಬೆರಳಿನಿಂದ ಎಣಿಸಿ, “ಇದು ಮುತ್ತಲ. ನಿಮ್ಮಕ್ಕನ ಮದುವ್ಯಾಗ ಇದರ ಎಲೀನೇ ಪತ್ರಾವಳಿ ಹಚ್ಚಿದ್ವಿ” ಎಂದಳು. ಕಾಲಡಿಯಲ್ಲಿ ಒರಟಾಗಿ ಸದ್ದುಮಾಡಿದ ಒಣ ಎಲೆಯನ್ನು ಎತ್ತಿ ಸವರಿ, “ಸಾಗವಾನಿ” ಎಂದಳು. ಆಕೆ ಹೇಳಿದಂತೆಲ್ಲ ನಾನು ಬರೆದುಕೊಳ್ಳುತ್ತ ನಡೆದೆ. ಶಾಲೆಯಲ್ಲಿ ಇಷ್ಟು ಶ್ರದ್ಧೆಯಿಂದ ಬರೆದ ನೆನಪಿಲ್ಲ!

ಕಾಡಿನ ಅಂಚಿನ ನೆಡುತೋಪಿನಲ್ಲಿ ಅವ್ವ ತಡೆದು ನಿಂತಳು. ಮೊಸಳೆಯ ಚರ್ಮದಂತೆ ಬಿರಿದ ತೊಗಟೆಯ ಮೇಲೆ ಬಹಳ ಹೊತ್ತು ಕೈಯಾಡಿಸಿದಳು.

“ಇದು ಯಾವುದೋ ತಿಳೀವಲ್ದು.”

“ರಕ್ತಚಂದನ, ಅವ್ವಾ. ಮೂಲತಃ ಆಂಧ್ರದ ಬೆಟ್ಟಗಳ ಮರ. ಇಲ್ಲಿ ನೆಟ್ಟು ಬೆಳೆಸಿದ್ದಾರೆ.”

“ರಕ್ತಚಂದನ” ಎಂದು ಎರಡು ಸಲ ಹೇಳಿಕೊಂಡು, ಆ ತೊಗಟೆಯನ್ನು ಮತ್ತೊಮ್ಮೆ ಮೆಲ್ಲನೆ ಮುಟ್ಟಿದಳು.