ಆ ಮಾತು ಯಾರಿಗೆ ಹೇಳಿದ್ದು?

ನಮ್ಮ ಕ್ರೈಸ್ತ ಮನೆಗಳಲ್ಲಿ ಬೆಳಗಿನ ಧ್ಯಾನಕ್ಕೆ ಒಂದು ಕ್ರಮ ಇದೆ. ಸತ್ಯವೇದದ ಒಂದು ಅಧ್ಯಾಯ, ಇಲ್ಲಾಂದ್ರೆ ದಿನಧ್ಯಾನದ ಪುಸ್ತಕದ ಒಂದು ಪುಟ, ಆಮೇಲೆ ಪ್ರಾರ್ಥನೆ. ಈಗೀಗ ಅದೂ ಚಿಕ್ಕದಾಗಿ, ಹೂವಿನ ಚಿತ್ರದ ಮೇಲೆ ಬರೆದು ವಾಟ್ಸಾಪಿನಲ್ಲಿ ಕಳಿಸುವ ಒಂದೇ ಒಂದು ವಚನಕ್ಕೆ ಬಂದು ನಿಂತಿದೆ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ವರ್ಷಕ್ಕೊಂದು ವಾಗ್ದಾನದ ಚೀಟಿ ಎತ್ತುವ ರೂಢಿಯೂ ಹಲವು ಸಭೆಗಳಲ್ಲಿ ಉಂಟು. ಇದೇನೂ ಹೊಸದಲ್ಲ. ಜರ್ಮನಿಯ ಹೆರ್ನ್‌ಹೂಟ್‌ನ ಮೊರಾವಿಯನ್ ಸಭೆಯವರು ಚೀಟಿ ಎತ್ತಿ ಆರಿಸಿದ ದಿನಕ್ಕೊಂದು ವಚನವನ್ನು 1731ರಿಂದಲೇ ಪುಸ್ತಕವಾಗಿ ಅಚ್ಚು ಹಾಕಿಸುತ್ತಾ ಬಂದಿದ್ದಾರೆ.

ದಿನಾ ಓದುವುದರ ಬಗ್ಗೆ ನನ್ನ ತಕರಾರಿಲ್ಲ. ಓದುವಾಗ ನಾವು ಮೊದಲು ಕೇಳುವ ಪ್ರಶ್ನೆಯ ಬಗ್ಗೆ ಇದೆ. 'ದೇವರು ಇವತ್ತು ನನಗೇನು ಹೇಳ್ತಾರೆ?' ಅಂತ ಶುರು ಮಾಡ್ತೀವಿ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಮಾತನ್ನು ಆವತ್ತು ಯಾರಿಗೆ ಹೇಳಿದ್ದು?

ಯೆರೆಮೀಯ 29ನೇ ಅಧ್ಯಾಯದ 11ನೇ ವಚನವನ್ನೇ ನೋಡಿ. ಕ್ಯಾಲೆಂಡರು, ಮದುವೆ ಕಾರ್ಡು, ಪರೀಕ್ಷೆಗೆ ಹೊರಟ ಮಕ್ಕಳ ಪೆನ್ಸಿಲ್ ಡಬ್ಬಿ, ಎಲ್ಲೆಲ್ಲೂ ಇದೆ. ಆದರೆ ಅದು ಒಂದು ಪತ್ರದ ನಡುವಿನ ಸಾಲು. ನೆಬೂಕದ್ನೆಚ್ಚರನು ಬಾಬೆಲಿಗೆ ಸೆರೆ ಒಯ್ದಿದ್ದ ಜನರಿಗೆ ಯೆರೂಸಲೇಮಿನಿಂದ ಹೋದ ಪತ್ರ. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತೆ ಅಂತ ಸಾರಿದ್ದ. ಯೆರೆಮೀಯ ಹೇಳಿದ್ದು 70 ವರ್ಷ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿಗಾಗಿ ಪ್ರಾರ್ಥನೆ ಮಾಡಿ ಅಂತ ಬರೆದ. ಅಂದರೆ ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರು ನೋಡದೆ ಅಲ್ಲೇ ಮಣ್ಣಾಗುವವರು. ಆ ಭರವಸೆ ಇದ್ದದ್ದು ಇಡೀ ಜನಾಂಗಕ್ಕೆ.

ಇಂಗ್ಲಿಷಿನಲ್ಲಿ ಓದುವವರಿಗೆ ಇದು ಕಾಣಿಸದೇ ಇರಬಹುದು, ಅವರಿಗೆ ಒಬ್ಬನಾದರೂ ನೂರು ಜನವಾದರೂ ಒಂದೇ 'ಯೂ'. ನಮಗೆ ಆ ನೆಪ ಇಲ್ಲ. ಕನ್ನಡದ ಸತ್ಯವೇದದಲ್ಲಿ ದೇವರು ಅಬ್ರಹಾಮನ ಹತ್ತಿರ, ಮೋಶೆಯ ಹತ್ತಿರ ಮಾತಾಡುವುದು 'ನೀನು' ಅಂತ. ಈ ಪತ್ರದಲ್ಲಿ ಇರುವುದು 'ನಿಮ್ಮ'. ಅದು ಮರ್ಯಾದೆಯ ಬಹುವಚನ ಅಲ್ಲ, ಜನರ ಬಹುವಚನ. ಆದರೂ ನಾವು ಅದನ್ನು ನಮ್ಮ ಮಗನ ಇಂಜಿನಿಯರಿಂಗ್ ಸೀಟಿಗೆ ಇಳಿಸಿಬಿಡ್ತೀವಿ.

'ಇರಲಿ ಬಿಡಿ, ಸಮಾಧಾನ ಸಿಕ್ಕರೆ ನಷ್ಟ ಏನು?' ಅಂತಾರೆ. ನಷ್ಟ ಇದೆ. ಕೋವಿಡ್ ಕಾಲದಲ್ಲಿ 91ನೇ ಕೀರ್ತನೆ ಮನೆಮನೆಯ ಬಾಗಿಲಿಗೆ ಬಂದಿತ್ತು. ಅದರಲ್ಲಿ ಮರಣಕರ ವ್ಯಾಧಿಯ ಮಾತೂ ಇದೆಯಲ್ಲ. ಅದನ್ನು ದಿನಾ ಬಾಯಿಪಾಠ ಹೇಳುತ್ತಿದ್ದ ನಮ್ಮ ಸಭೆಯ ಹಿರಿಯರೊಬ್ಬರು ತೀರಿಕೊಂಡರು. ಸಾವಿನ ಮನೆಯಲ್ಲೇ ಒಬ್ಬರು, 'ವಿಶ್ವಾಸ ಎಲ್ಲೋ ಸ್ವಲ್ಪ ಕಮ್ಮಿ ಇತ್ತೇನೋ' ಅಂದದ್ದು ನನ್ನ ಕಿವಿಗೆ ಬಿತ್ತು. ಅವರ ಹೆಂಡತಿಯ ಕಿವಿಗೂ ಬಿದ್ದಿತ್ತು. ಆಮೇಲೆ ಎಷ್ಟೋ ತಿಂಗಳು ಆಕೆ ದೇವಾಲಯದ ಕಡೆ ಬರಲಿಲ್ಲ. ವಚನ ಸುಳ್ಳಾಗಬೇಕು, ಇಲ್ಲಾ ಗಂಡನ ವಿಶ್ವಾಸ ಸುಳ್ಳಾಗಬೇಕು, ಆಕೆಗೆ ಉಳಿದದ್ದು ಇವೆರಡೇ. ಅದು ದೇವರಲ್ಲಿ ಭರವಸೆಯಿಟ್ಟವನ ಹಾಡು, ವಿಮೆಯ ಕಾಗದ ಅಲ್ಲ ಅಂತ ಹೇಳುವವರು ಯಾರೂ ಇರಲಿಲ್ಲ.

ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಸೈತಾನ ಯೇಸುವನ್ನು ದೇವಾಲಯದ ಶಿಖರಕ್ಕೆ ಕರೆದುಕೊಂಡು ಹೋಗಿ, ಧುಮುಕು ಅಂತ ಹೇಳಿ, ಸಾಕ್ಷಿಗೆ ತೆಗೆಯುವುದೂ ಇದೇ 91ನೇ ಕೀರ್ತನೆಯನ್ನು. ಯೇಸು ಕೀರ್ತನೆಯನ್ನು ತಳ್ಳಿಹಾಕಲಿಲ್ಲ. ದೇವರನ್ನು ಪರೀಕ್ಷಿಸಬಾರದೆಂಬ ಧರ್ಮೋಪದೇಶಕಾಂಡದ ಮಾತನ್ನು ಅದರ ಪಕ್ಕಕ್ಕಿಟ್ಟರು. ಒಂದು ವಚನವನ್ನು ಇನ್ನೊಂದರ ಜೊತೆ ಇಟ್ಟು ಓದಬೇಕು ಅನ್ನುವುದಕ್ಕೆ ಇದಕ್ಕಿಂತ ಪಾಠ ಬೇಕೆ?

ಇನ್ನೊಂದು ವಿಷಯ. ವಾಗ್ದಾನದ ಪೆಟ್ಟಿಗೆಯಲ್ಲಿ ಸಿಹಿ ವಚನಗಳೇ ಇರುತ್ತವೆ. 88ನೇ ಕೀರ್ತನೆಯ ಚೀಟಿ ಯಾರಿಗೂ ಬಂದದ್ದು ನಾನು ಕಂಡಿಲ್ಲ. ಅದು ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕು ಬರುವುದಿಲ್ಲ. ಆದರೂ ಅದು ಪ್ರಾರ್ಥನೆಯೇ. ಗಂಡನನ್ನು ಕಳಕೊಂಡ ಆಕೆಗೆ ಆ ವಾರ ಬೇಕಿದ್ದದ್ದು ಅದು. 91ಕ್ಕಿಂತ ಮೂರೇ ಕೀರ್ತನೆ ಹಿಂದೆ, ಆಕೆಯ ಸತ್ಯವೇದದಲ್ಲೇ ಇತ್ತು.

ವಚನದ ಸಂಖ್ಯೆಗಳು ಬರೆದವರು ಹಾಕಿದ್ದಲ್ಲ. ಹೊಸ ಒಡಂಬಡಿಕೆಗೆ ಇವತ್ತಿನ ಸಂಖ್ಯೆಗಳನ್ನು ಕೊಟ್ಟದ್ದು ರಾಬರ್ಟ್ ಎಟಿಯೆನ್ ಎಂಬ ಮುದ್ರಕ, 1551ರಲ್ಲಿ. ಹುಡುಕುವುದಕ್ಕೆ ಒಳ್ಳೇದು. ಆದರೆ ಪೌಲನ ಪತ್ರವನ್ನು ಪತ್ರದ ಹಾಗೆ ಓದಿ. ಫಿಲಿಪ್ಪಿಯವರಿಗೆ ಬರೆದದ್ದು ಓದಲು ಅರ್ಧ ಗಂಟೆಯೂ ಬೇಡ. 4ನೇ ಅಧ್ಯಾಯದಲ್ಲಿ ತಾನು ಎಲ್ಲಕ್ಕೂ ಶಕ್ತನು ಅಂತ ಹೇಳಿದವನು ಸೆರೆಯಲ್ಲಿದ್ದ, ಆ 'ಎಲ್ಲ'ದಲ್ಲಿ ಹಸಿವೂ ಸೇರಿತ್ತು ಅಂತ ಆಗ ಗೊತ್ತಾಗುತ್ತೆ.

ಹೀಗೆ ಓದಿದರೆ ಕೆಲವು ಬೆಳಗ್ಗೆ ನನಗೆ ಅಂತ ಏನೂ ಸಿಗುವುದಿಲ್ಲ. ಯಾಜಕಕಾಂಡದ ಕುಷ್ಠದ ನಿಯಮಗಳಲ್ಲಿ ನನ್ನ ಆಫೀಸಿನ ಚಿಂತೆಗೆ ಉತ್ತರ ಹುಡುಕಿ ಏನು ಮಾಡಲಿ? ಆ ದಿನ ಪಾಳೆಯದ ಹೊರಗೆ ಒಂಟಿಯಾಗಿ ಕೂರಬೇಕಾಗಿದ್ದವನ ಸುದ್ದಿ ಓದಿ, ಅವನನ್ನು ನೆನೆದುಕೊಂಡು ಎದ್ದು ಕೆಲಸಕ್ಕೆ ಹೋಗ್ತೀನಿ.